ಬಾಯಿ ಕಟ್ಟು ಅನ್ನುವ ಮೊದಲು

ಎರಡು ವರ್ಷದ ಹಿಂದೆ ನನ್ನ ಚಿಗವ್ವನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಗೋಕಾಕದ ದವಾಖಾನೆಯಲ್ಲಿ ವೈದ್ಯರು ರಕ್ತದ ವರದಿ ನೋಡಿದರು, ತೂಕ ನೋಡಿದರು, ಆಮೇಲೆ ಆಕೆಯ ಮುಖ ನೋಡಿ, “ಬಾಯಿ ಕಟ್ರಿ ಅಕ್ಕಾರ. ಕರದಂಟಿನ ಊರಾಗ ಇದ್ದೀರಿ, ನಾಲಿಗಿ ಹತೋಟಿಯೊಳಗ ಇಟ್ಕೋರಿ” ಅಂದರು. ಮೂರು ನಿಮಿಷದ ಭೇಟಿ. ಅಲ್ಲಿಂದ ಹಿಂದಿರುಗಿದ ಸಂಜೆ ಚಿಗವ್ವ ನನ್ನ ಅವ್ವನ ಮುಂದೆ ಕೂತು, “ಅಕ್ಕಾ, ನನಗ ನನ್ನ ಬಾಯಿ ಮ್ಯಾಲೇ ಹಿಡಿತ ಇಲ್ಲಂತ ನೋಡು” ಎಂದಳು. ಕಾಯಿಲೆ ಬಂತೆಂಬ ದುಃಖ ಆ ದನಿಯಲ್ಲಿರಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ದನಿ ಅದು.

ಆ ದನಿ ನನ್ನನ್ನು ಬಿಟ್ಟಿಲ್ಲ. ಹಸಿವನ್ನು ನಾವು ಶರೀರದ ಕೆಲಸವೆಂದು ಒಪ್ಪುತ್ತೇವೆ, ಆದರೆ ಎಷ್ಟು ಉಣ್ಣುತ್ತೇವೆ ಎಂಬುದನ್ನು ಮಾತ್ರ ಮನುಷ್ಯನ ಗುಣ ಎಂದೇ ಎಣಿಸುತ್ತೇವೆ. ಬಾಯಿಚಪಲ, ಹೊಟ್ಟೆಬಾಕ, ನಾಲಿಗೆಯ ದಾಸ ಎಂಬ ಮಾತುಗಳೆಲ್ಲ ಬೈಗುಳಗಳೇ. ಉಸಿರು ಹೆಚ್ಚು ಆಡಿದವನನ್ನು ಯಾರೂ ಬೈಯುವುದಿಲ್ಲ, ನಿದ್ದೆ ಬಾರದವನನ್ನು ಕಂಡು ಅಯ್ಯೋ ಅನ್ನುತ್ತೇವೆ, ಉಂಡವನನ್ನು ಮಾತ್ರ ತೂಗಿ ತೀರ್ಪು ಕೊಡುತ್ತೇವೆ. ಕಳೆದ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಮಿದುಳಿನ ವಿಜ್ಞಾನ ಹೇಳುವುದನ್ನು ಕೇಳಿಸಿಕೊಂಡರೆ ಈ ತೀರ್ಪು ನಿಲ್ಲುವುದಿಲ್ಲ. ನಿಲ್ಲಬಾರದು ಎಂಬುದೇ ನನ್ನ ವಾದ.

ಈ ವಿಜ್ಞಾನದ ಮೊದಲ ಪುಟಗಳಲ್ಲಿ ಒಬ್ಬ ಭಾರತೀಯರ ಹೆಸರಿದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅದನ್ನು ನಾನು ಕಾಣಲಿಲ್ಲ. ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಭಾಗವಿದೆ. ಗಾತ್ರದಲ್ಲಿ ಕರದಂಟಿಗೆ ಬೀಳುವ ಒಂದು ಬಾದಾಮಿಯಷ್ಟು. ಅದರ ನಡುಭಾಗಕ್ಕೆ ಪೆಟ್ಟಾದರೆ ಇಲಿಗಳು ತಿಂದು ತಿಂದು ಊದುತ್ತವೆ ಎಂದು 1940ರಲ್ಲಿ ಹೆದರಿಂಗ್ಟನ್ ಮತ್ತು ರಾನ್ಸನ್ ತೋರಿಸಿದ್ದರು. 1951ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಬಾಲ್ ಕೃಷನ್ ಆನಂದ್ ಅವರು ಜಾನ್ ಬ್ರೋಬೆಕ್ ಜೊತೆಗೂಡಿ ಅದೇ ಭಾಗದ ಎರಡು ಪಕ್ಕಗಳನ್ನು ಪರೀಕ್ಷಿಸಿದರು. ಎರಡೂ ಪಕ್ಕದಲ್ಲಿ ಸಣ್ಣದೊಂದು ಗಾಯ ಮಾಡಿದರೆ ಸಾಕು, ಇಲಿ ತಿನ್ನುವುದನ್ನೇ ಬಿಡುತ್ತಿತ್ತು. ಮುಂದೆ ಕಾಳು ಬಿದ್ದಿದ್ದರೂ ಮೂಸದೆ ಹಸಿವೇ ಇಲ್ಲದೆ ಸಾಯುತ್ತಿತ್ತು. ಆನಂದ್ ಆಮೇಲೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಶರೀರಶಾಸ್ತ್ರ ವಿಭಾಗವನ್ನು ಕಟ್ಟಿದರು. 1962ರಲ್ಲಿ ಛೀನಾ ಮತ್ತು ಬಲದೇವ್ ಸಿಂಗ್ ಅವರ ಜೊತೆ, ರಕ್ತದ ಗ್ಲೂಕೋಸ್ ಏರಿಳಿದಂತೆ ಈ ಜಾಗದ ನರಗಳ ಚಟುವಟಿಕೆಯೂ ಬದಲಾಗುವುದನ್ನು ದಾಖಲಿಸಿದರು. ತಿನ್ನುವುದಕ್ಕೆ ಒಂದು ಕೇಂದ್ರ, ತೃಪ್ತಿಗೆ ಒಂದು ಕೇಂದ್ರ ಎಂಬ ಆ ಕಾಲದ ಚಿತ್ರ ಈಗ ತೀರ ಸರಳ ಅನ್ನಿಸುತ್ತದೆ. ಆದರೂ ಒಂದು ದೊಡ್ಡ ಸಂಗತಿ ಅಂದೇ ಖಚಿತವಾಗಿತ್ತು. ತಿನ್ನುವ ಆಸೆ ಇರುವುದು ಬಾಯಲ್ಲೂ ಅಲ್ಲ, ಹೊಟ್ಟೆಯಲ್ಲೂ ಅಲ್ಲ.

ಈಗಿನ ಚಿತ್ರ ಇನ್ನಷ್ಟು ಸೂಕ್ಷ್ಮ. ಹೈಪೋಥಲಾಮಸ್ಸಿನ ಕೆಳತುದಿಯಲ್ಲಿ ಎರಡು ಬಗೆಯ ನರಕೋಶಗಳು ಒಂದರ ಪಕ್ಕ ಒಂದಿವೆ. ಒಂದು ಬಗೆಯವು ಎಜಿಆರ್‌ಪಿ, ಎನ್‌ಪಿವೈ ಎಂಬ ರಾಸಾಯನಿಕಗಳನ್ನು ಸ್ರವಿಸುತ್ತವೆ. ಅವು ‘ಉಣ್ಣು’ ಎನ್ನುತ್ತವೆ. ಇನ್ನೊಂದು ಬಗೆಯವು ಪಿಓಎಂಸಿ ಎಂಬ ಪ್ರೋಟೀನಿನಿಂದ ಮೆಲನೋಕಾರ್ಟಿನ್ ತಯಾರಿಸಿ ‘ಸಾಕು’ ಎನ್ನುತ್ತವೆ. ಎರಡೂ ತಮ್ಮ ಮಾತನ್ನು ತಲುಪಿಸುವುದು ಒಂದೇ ಬಾಗಿಲಿಗೆ. ‘ಸಾಕು’ ಎಂಬ ರಾಸಾಯನಿಕ ಬಂದು ಕೂರಬೇಕಾದ ಜಾಗವನ್ನೇ ‘ಉಣ್ಣು’ ಎಂಬುದು ಬಂದು ಹಿಡಿಯಬಲ್ಲದು. 2011ರಲ್ಲಿ ಪ್ರಯೋಗಶಾಲೆಯಲ್ಲಿ ಬೆಳಕಿನ ಮೂಲಕ ಮೊದಲ ಬಗೆಯ ಕೋಶಗಳನ್ನಷ್ಟೇ ಎಚ್ಚರಿಸಿದಾಗ, ಹೊಟ್ಟೆ ತುಂಬಿದ್ದ ಇಲಿಗಳು ಕೆಲವೇ ನಿಮಿಷಗಳಲ್ಲಿ ಮುಗಿಬಿದ್ದು ತಿನ್ನತೊಡಗಿದವು. ಆ ಇಲಿಗಳಿಗೆ ಯಾವ ಬಾಯಿಚಪಲವಿತ್ತು?

ಈ ಕೋಶಗಳಿಗೆ ಸುದ್ದಿ ಬರುವುದು ಇಡೀ ದೇಹದಿಂದ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಗುರುತಿಸಿದ ಘ್ರೆಲಿನ್ ಜಠರದಿಂದ ಹೊರಡುತ್ತದೆ. ಊಟಕ್ಕೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಅದರ ಒಂದು ಗುಣ ನಮ್ಮ ಏಕಾದಶಿಯವರಿಗೆ, ಶ್ರಾವಣ ಸೋಮವಾರದವರಿಗೆ ಹೆಸರಿಲ್ಲದೆಯೇ ಗೊತ್ತಿದೆ. ಉಪವಾಸ ಇದ್ದವರಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ. ಏನೂ ತಿನ್ನದೆ ಒಂದು ತಾಸು ತಳ್ಳಿದರೆ ತಾನಾಗಿ ತಣ್ಣಗಾಗುತ್ತದೆ, ರಾತ್ರಿಯ ಹೊತ್ತಿಗೆ ಮತ್ತೆ ಬರುತ್ತದೆ. ಉಪವಾಸ ಇರಿಸಿ ರಕ್ತ ಪರೀಕ್ಷೆ ಮಾಡಿದವರಿಗೆ ಘ್ರೆಲಿನ್ ಹೀಗೆಯೇ ರೂಢಿಯ ಊಟದ ಹೊತ್ತಿಗೆ ಏರಿ, ತಿನ್ನದಿದ್ದರೂ ಇಳಿಯುವುದು ಕಂಡಿದೆ. ಅಂದರೆ ಹಸಿವು ಹೊಟ್ಟೆ ಬರಿದಾದದ್ದರ ಲೆಕ್ಕವಷ್ಟೇ ಅಲ್ಲ. ನಾವು ದಿನಾ ಯಾವ ಹೊತ್ತಿಗೆ ಉಣ್ಣುತ್ತೇವೆ ಎಂಬುದನ್ನು ದೇಹ ಕಲಿತಿರುತ್ತದೆ. ಈ ಮಾತಿಗೆ ಮತ್ತೆ ಬರುತ್ತೇನೆ. ಚಿಗವ್ವನ ಕತೆಯ ಗಂಟು ಇಲ್ಲಿಯೇ ಇದೆ.

ದೂರದ ಲೆಕ್ಕ ಇಡುವುದು ಲೆಪ್ಟಿನ್. ಅದು ಹೊರಡುವುದು ಕೊಬ್ಬಿನಿಂದಲೇ. 1970ರ ದಶಕದಲ್ಲಿ ಡಗ್ಲಸ್ ಕೋಲ್ಮನ್ ಹುಟ್ಟಾ ದಪ್ಪಗಿದ್ದ ಇಲಿಯೊಂದರ ರಕ್ತಪರಿಚಲನೆಯನ್ನು ಸಾಮಾನ್ಯ ಇಲಿಯದಕ್ಕೆ ಜೋಡಿಸಿದಾಗ ದಪ್ಪ ಇಲಿ ತಿನ್ನುವುದು ಕಡಿಮೆಯಾಯಿತು. ಆರೋಗ್ಯವಂತ ಇಲಿಯ ರಕ್ತದಲ್ಲಿ ‘ಸಾಕು’ ಎನ್ನುವ ಏನೋ ಇದೆ, ಇದರಲ್ಲಿ ಇಲ್ಲ ಎಂದು ಅವರು ಊಹಿಸಿದರು. ಆ ‘ಏನೋ’ ಲೆಪ್ಟಿನ್ ಎಂದು 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಕಂಡುಹಿಡಿಯಿತು. 1997ರಲ್ಲಿ ಬ್ರಿಟನ್ನಿನಲ್ಲಿ ಇದೇ ಕೊರತೆಯಿದ್ದ ಇಬ್ಬರು ಮಕ್ಕಳು ಪತ್ತೆಯಾದರು. ಎಂಟು ವರ್ಷದ ಹುಡುಗಿಯ ತೂಕ 86 ಕಿಲೋ. ಎಷ್ಟು ಕೊಟ್ಟರೂ ಅವಳ ಹಸಿವು ತೀರುತ್ತಿರಲಿಲ್ಲ. ಲೆಪ್ಟಿನ್ ಚುಚ್ಚುಮದ್ದು ಶುರು ಮಾಡಿದ ಮೇಲೆ ಅವಳ ಹಸಿವು ಬಹುಬೇಗ ಇಳಿಯಿತು, ತೂಕವೂ ಇಳಿಯಿತು. ಅಲ್ಲಿಯವರೆಗೆ ಆ ಮಗು ಎಷ್ಟು ಬೈಗುಳ ತಿಂದಿರಬಹುದು, ಅದರ ತಾಯಿ ಎಷ್ಟು ಮಂದಿಯ ಎದುರು ತಲೆ ತಗ್ಗಿಸಿರಬಹುದು ಎಂದು ಯೋಚಿಸಿದಾಗ ಎದೆ ಭಾರವಾಗುತ್ತದೆ.

ಅಂಥ ಕೊರತೆ ಅತಿ ಅಪರೂಪ, ಒಪ್ಪುತ್ತೇನೆ. ದಪ್ಪಗಿರುವ ಬಹುತೇಕರಲ್ಲಿ ಲೆಪ್ಟಿನ್ ಕಡಿಮೆ ಇರುವುದಿಲ್ಲ, ಹೆಚ್ಚೇ ಇರುತ್ತದೆ. ಮಿದುಳು ಅದರ ಮಾತಿಗೆ ಕಿವಿಗೊಡುವುದಿಲ್ಲ. ಆದರೆ ಅಂಥವರು ಊಟ ಬಿಟ್ಟು ತೂಕ ಇಳಿಸಿದರೆ ಏನಾಗುತ್ತದೆ? ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 50 ಜನರಿಗೆ ಹತ್ತು ವಾರ ಅತಿ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಲೆಪ್ಟಿನ್ ಕುಸಿಯಿತು, ಘ್ರೆಲಿನ್ ಏರಿತು. ಒಂದು ವರ್ಷ ಕಳೆದ ಮೇಲೂ ಅವು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ, ಹಸಿವು ಹೆಚ್ಚಾಗಿಯೇ ಇತ್ತು. ಬರಗಾಲವೇ ಬಂತೆಂದು ದೇಹ ತಿಳಿದುಕೊಂಡಿತ್ತು. 1876–78ರ ಮಹಾಬರ ಕಂಡ ಸೀಮೆ ನಮ್ಮದು. ಕಳೆದುಕೊಂಡ ಕೊಬ್ಬನ್ನು ಮರಳಿ ಪಡೆಯಲು ಒದ್ದಾಡುವ ಶರೀರ ಅಂಥ ಕಾಲದಲ್ಲಿ ಜೀವ ಉಳಿಸಿರಬೇಕು. ‘ಬಾಯಿ ಕಟ್ಟು’ ಎಂದು ನಾವು ಹೇಳುವಾಗ ವರ್ಷಗಟ್ಟಲೆ, ಹಗಲಿರುಳು, ಆ ಶರೀರದ ವಿರುದ್ಧ ಒಂಟಿಯಾಗಿ ನಿಲ್ಲು ಎಂದು ಹೇಳುತ್ತಿರುತ್ತೇವೆ. ನಾಲ್ಕು ತಿಂಗಳು ನಿಂತು ಸೋತವರನ್ನು ಸೋಮಾರಿ ಎನ್ನುವುದು ಅನ್ಯಾಯ.

ಇನ್ನು ಕರದಂಟಿನ ಮಾತು. ವೈದ್ಯರು ಅದನ್ನು ಸುಮ್ಮನೆ ಎತ್ತಲಿಲ್ಲ. ಗೋಕಾಕ ಎಂದರೆ ಹೊರಗಿನವರಿಗೆ ಎರಡೇ ನೆನಪು, ಘಟಪ್ರಭೆಯ ಜಲಪಾತ ಮತ್ತು ಕರದಂಟು. ಜಾಲಿಮರದ ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಒಣದ್ರಾಕ್ಷಿ, ಗಸಗಸೆ, ಏಲಕ್ಕಿ ಎಲ್ಲ ಬೆಲ್ಲದ ಪಾಕದಲ್ಲಿ ಕೂಡಿಸುತ್ತಾರೆ. ಕರಿದ ಅಂಟೇ ಕರದಂಟು. ಅಂಟಿನ ಉಂಡಿ, ಕರದಂಟು ನಮ್ಮ ಕಡೆ ಮೊದಲು ಸಲ್ಲುತ್ತಿದ್ದದ್ದು ಬಾಣಂತಿಗೆ, ಆಮೇಲೆ ಗರಡಿಮನೆಯ ಪೈಲವಾನರಿಗೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೋಕ್ಯಾಲೊರಿ ಹೆಚ್ಚು ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಸಿವನ್ನೂ ಹೆಚ್ಚಿಸುತ್ತದೆ. ನಮ್ಮ ಅಜ್ಜಿಯರಿಗೆ ಪ್ರೊಲ್ಯಾಕ್ಟಿನ್ ಗೊತ್ತಿರಲಿಲ್ಲ, ಬಾಣಂತಿಯ ಹಸಿವು ಸುಳ್ಳಲ್ಲ ಎಂಬುದು ಗೊತ್ತಿತ್ತು. “ತಿನ್ನವಾ, ಕೂಸಿಗೆ ಹಾಲು ಬೇಕಲ್ಲ” ಎಂದು ಬಟ್ಟಲು ಮುಂದಿಡುತ್ತಿದ್ದರು. ಅದೇ ಹೆಣ್ಣುಮಗಳು ಹತ್ತು ವರ್ಷದ ಮೇಲೆ ಇನ್ನೊಂದು ತುಣುಕು ಕೇಳಿದರೆ ಅದೇ ಅಜ್ಜಿ ಹುಬ್ಬು ಗಂಟಿಕ್ಕುತ್ತಾಳೆ. ಒಂದು ಹಸಿವಿಗೆ ಮರ್ಯಾದೆ, ಇನ್ನೊಂದಕ್ಕೆ ಅವಮಾನ. ಎರಡೂ ಏಳುವುದು ಆ ಬಾದಾಮಿಯಷ್ಟು ಜಾಗದಿಂದಲೇ.

ಕರದಂಟು ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ನಮ್ಮೂರಿನ ತಿನಿಸೆಂಬ ಅಭಿಮಾನಕ್ಕೆ ಸತ್ಯ ಮುಚ್ಚಬಾರದು. ಕೊಬ್ಬು ಮತ್ತು ಶರ್ಕರಪಿಷ್ಟ ಎರಡೂ ಒಂದೇ ತುತ್ತಿನಲ್ಲಿ ಕೂಡಿದಾಗ ಮಿದುಳು ಅದಕ್ಕೆ ಕೊಡುವ ಬೆಲೆ ಬೇರೆ ಬೇರೆಯಾಗಿ ಕೊಡುವ ಬೆಲೆಗಿಂತ ಹೆಚ್ಚು ಎಂದು 2018ರಲ್ಲಿ ಡಾನಾ ಸ್ಮಾಲ್ ಅವರ ತಂಡ ತೋರಿಸಿತು. ಇಲ್ಲಿ ಕೆಲಸ ಮಾಡುವುದು ಇನ್ನೊಂದು ವ್ಯವಸ್ಥೆ, ಡೋಪಮಿನ್. ಅದನ್ನು ಸುಖದ ರಾಸಾಯನಿಕ ಎಂದು ಕರೆಯುವುದು ರೂಢಿಯಾಗಿದೆ, ಅದು ತಪ್ಪು. ಮಿಚಿಗನ್ನಿನ ಕೆಂಟ್ ಬೆರಿಡ್ಜ್ ದಶಕಗಳ ಕಾಲ ಬಿಡಿಸಿ ತೋರಿಸಿದಂತೆ, ಬಯಸುವುದೇ ಬೇರೆ, ಸವಿಯುವುದೇ ಬೇರೆ. ಡೋಪಮಿನ್ ಬಯಕೆಯದು, ಸವಿ ಮಿದುಳಿನೊಳಗಿನ ಅಫೀಮಿನಂಥ ದ್ರವ್ಯಗಳದು. ಮೊದಲ ತುಣುಕು ತಿಂದಾಗ ಇದ್ದ ಸವಿ ನಾಲ್ಕನೆಯದಕ್ಕೆ ಇರುವುದಿಲ್ಲ, ಆದರೂ ಕೈ ಡಬ್ಬಿಗೆ ಹೋಗುತ್ತದೆ. ತುಪ್ಪದ ಘಮ, ಅಂಗಡಿಯ ಗಾಜಿನ ಕಪಾಟು, ಬಸ್ಸಿಗೆ ಕಾಯುವ ಹೊತ್ತು, ನೆಂಟರಿಗೆಂದು ಕಟ್ಟಿಸಿದ ಪೊಟ್ಟಣ ಇವೆಲ್ಲ ಡೋಪಮಿನ್ನಿಗೆ ಕೊಡುವ ಕರೆಗಳು. ಬಾಣಂತಿಯ ಕೋಣೆಯಲ್ಲಿ ದಿನಕ್ಕೆ ಒಂದು ಉಂಡೆಯಾಗಿದ್ದ ತಿನಿಸು ಈಗ ದಿನದ ಎಲ್ಲ ಹೊತ್ತೂ ಪೇಟೆಯ ಮುಂಗಟ್ಟಿನಲ್ಲಿದೆ. ಮಿದುಳು ಮಾತ್ರ ನೂರು ವರ್ಷದ ಹಿಂದಿನದೇ.

ಆದರೆ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಕರದಂಟು ಅಲ್ಲ. ಅದು ತುಟ್ಟಿ, ದಿನಾ ತಿನ್ನುವವರು ಕಡಿಮೆ. ಮೂಡಲಗಿ, ಹುಕ್ಕೇರಿಯ ಹಳ್ಳಿಯ ಕಿರಾಣಿ ಅಂಗಡಿಗಳ ಮುಂದೆ ತೂಗುವ ಐದು, ಹತ್ತು ರೂಪಾಯಿಯ ಪೊಟ್ಟಣಗಳನ್ನು ನೋಡಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ 20 ಜನರನ್ನು ನಾಲ್ಕು ವಾರ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಬಹಳವಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಮನೆಯಡುಗೆಯಂಥ ಆಹಾರ ಕೊಟ್ಟರು. ಮುಂದಿಟ್ಟ ಆಹಾರದಲ್ಲಿ ಸಕ್ಕರೆ, ಕೊಬ್ಬು, ನಾರು ಸಮವಾಗಿಯೇ ಇದ್ದವು, ಬೇಕಾದಷ್ಟು ತಿನ್ನಿರಿ ಎಂದಿದ್ದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಇಷ್ಟು: ಅದೇ ಜನ ಸಂಸ್ಕರಿಸಿದ ಆಹಾರದ ವಾರಗಳಲ್ಲಿ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿ ಹೆಚ್ಚು ತಿಂದರು. ಎರಡು ವಾರದಲ್ಲಿ ಅವರ ಸ್ವಭಾವ ಕೆಟ್ಟು, ಮುಂದಿನ ಎರಡು ವಾರದಲ್ಲಿ ಸುಧಾರಿಸಿತೇ? ಮನುಷ್ಯರು ಅವರೇ. ತಟ್ಟೆ ಬದಲಾಗಿತ್ತು.

ಜೋಳದ ರೊಟ್ಟಿಯ ತಟ್ಟೆ ಮಿದುಳಿನೊಡನೆ ಬೇರೆ ಮಾತಾಡುತ್ತದೆ. ಕಟಕ್ ರೊಟ್ಟಿಯನ್ನು ಅಗಿಯದೆ ನುಂಗಲಾಗದು. ಜೊತೆಗೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಮೊಸರು. ಅಗಿಯುತ್ತ ಉಣ್ಣುವಷ್ಟರಲ್ಲಿ ಕರುಳಿನಿಂದ ಕೊಲೆಸಿಸ್ಟೊಕೈನಿನ್ ಹೊರಟು ವೇಗಸ್ ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕೆಳಗಿನ ಕರುಳಿನಿಂದ ಪಿವೈವೈ, ಜಿಎಲ್‌ಪಿ-1 ಹೊರಡುತ್ತವೆ, ಕಾಳಿನ ನಾರನ್ನು ಹುದುಗಿಸುವ ಸೂಕ್ಷ್ಮಾಣುಗಳು ಅವುಗಳಿಗೆ ಇನ್ನಷ್ಟು ಬಲ ಕೊಡುತ್ತವೆ. ‘ಸಾಕು’ ಎಂಬ ಸುದ್ದಿ ಮಿದುಳಿಗೆ ಮುಟ್ಟಲು ಹೊತ್ತು ಬೇಕು, ರೊಟ್ಟಿ ಆ ಹೊತ್ತನ್ನು ಕೊಡುತ್ತದೆ. ಸಕ್ಕರೆ ಸುರಿದ ಚಹಾ, ತಂಪು ಪಾನೀಯ ಕೊಡುವುದಿಲ್ಲ. ಕುಡಿದದ್ದನ್ನು ದೇಹ ಊಟದ ಲೆಕ್ಕಕ್ಕೆ ಹಿಡಿಯುವುದು ಬಹಳ ಕಡಿಮೆ. ಕಬ್ಬಿನ ಸೀಮೆಯಾದ ನಮ್ಮಲ್ಲಿ ಮನೆಗೆ ಬಂದವರಿಗೆಲ್ಲ ಚಹಾ, ಕೆಲಸದ ನಡುವೆ ಚಹಾ, ಊಟಕ್ಕೆ ಬದಲು ಚಹಾ. ದಿನಕ್ಕೆ ಐದಾರು ಕಪ್ಪಿನ ಸಕ್ಕರೆ ಲೆಕ್ಕ ಹಾಕುವವರೇ ಇಲ್ಲ.

ಜಿಎಲ್‌ಪಿ-1 ಎಂದಾಗ ಓದುಗರಿಗೆ ಈಚಿನ ಚುಚ್ಚುಮದ್ದುಗಳು ನೆನಪಾಗಿರಬೇಕು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಔಷಧಗಳು ಕರುಳಿನ ಈ ಸುದ್ದಿಯನ್ನೇ ಅನುಕರಿಸಿ, ಅದನ್ನು ದಿನಗಟ್ಟಲೆ ಉಳಿಸುತ್ತವೆ. ತೂಕ ಇಳಿಸಲೆಂದು 2025ರಲ್ಲಿ ಅವು ಭಾರತದ ಮಾರುಕಟ್ಟೆಗೂ ಬಂದವು. ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇಕಡಾ 15ರಷ್ಟು ಇಳಿಯಿತು. ಅವುಗಳನ್ನು ತೆಗೆದುಕೊಂಡ ಎಷ್ಟೋ ಜನ, ತಲೆಯೊಳಗೆ ಸದಾ ನಡೆಯುತ್ತಿದ್ದ ಊಟದ ಗದ್ದಲ ನಿಂತಿತು ಎಂದಿದ್ದಾರೆ. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಒಂದು ಅಣು ಕೊಟ್ಟರೆ ಆಸೆ ಇಳಿಯುತ್ತದೆ ಎಂದಮೇಲೆ, ಆಸೆ ಹೆಚ್ಚಿದ್ದು ಚಾರಿತ್ರ್ಯದ ದೋಷವಾಗುವುದು ಹೇಗೆ? ಆದರೆ ಔಷಧ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿದೆ. ಹಳೆಯ ಅನುಭವವೂ ಎಚ್ಚರಿಸುತ್ತದೆ. ಸೆರೊಟೋನಿನ್ ಹೆಚ್ಚಿಸಿ ಹಸಿವು ತಗ್ಗಿಸುತ್ತಿದ್ದ ಫೆನ್‌ಫ್ಲೂರಮಿನ್ ಹೃದಯದ ಕವಾಟಗಳನ್ನು ಕೆಡಿಸಿದ್ದರಿಂದ 1997ರಲ್ಲಿ ಹಿಂದೆಗೆಯಲಾಯಿತು. ಗಾಂಜಾ ತಟ್ಟುವ ಗ್ರಾಹಕಗಳನ್ನೇ ಮುಚ್ಚಿ ಹಸಿವು ಇಳಿಸುತ್ತಿದ್ದ ರಿಮೊನಬ್ಯಾಂಟ್ ಯುರೋಪಿನಲ್ಲಿ 2006ರಲ್ಲಿ ಬಂದು, ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳಿಗೆ ಕಾರಣವಾಗಿ 2008ರಲ್ಲಿ ಹೋಯಿತು. ಹಸಿವಿನ ರಾಸಾಯನಿಕಗಳು ಹಸಿವಿಗಷ್ಟೇ ಮೀಸಲಾಗಿಲ್ಲ. ಅದೇ ದ್ರವ್ಯಗಳು ನಮ್ಮ ಹುರುಪನ್ನೂ ನೆಮ್ಮದಿಯನ್ನೂ ನಡೆಸುತ್ತವೆ. ಬೇಕಾದವರಿಗೆ ಔಷಧ ಸಿಗಲಿ, ಅದನ್ನು ಪಡೆಯುವವರನ್ನು ಸುಲಭದ ದಾರಿ ಹಿಡಿದವರೆಂದು ಜರಿಯುವುದು ಬೇಡ. ಆದರೆ 10 ಕೋಟಿಗೂ ಹೆಚ್ಚು ಮಧುಮೇಹಿಗಳಿರುವ ದೇಶ ಚುಚ್ಚುಮದ್ದಿನ ಮೇಲೆಯೇ ನಿಲ್ಲಲಾರದು.

ಹಾಗಾದರೆ ಮನುಷ್ಯನ ಹೊಣೆ ಏನೂ ಇಲ್ಲವೇ ಎಂದು ಕೇಳಬಹುದು. ಚಿಗವ್ವನ ಗಂಡ, ನಮ್ಮ ಕಾಕಾ ಅದನ್ನೇ ಕೇಳಿದರು: “ಎಲ್ಲಾ ಮೆದುಳೇ ಮಾಡತೈತಿ ಅಂದ್ರ, ಮನಷ್ಯಾ ಯಾಕ ಬೇಕು?” ಒಳ್ಳೆಯ ಪ್ರಶ್ನೆ. ಹೊಣೆ ಇದೆ, ಆದರೆ ಅದನ್ನು ಹೊರಿಸುವ ಜಾಗ ತಪ್ಪಿದೆ. ಡಬ್ಬಿ ತೆರೆದಿಟ್ಟು ಎದುರು ಕೂತ ಮೇಲೆ ಸಂಕಲ್ಪಕ್ಕೆ ಉಳಿಯುವ ಬಲ ಅಲ್ಪ. ಡಬ್ಬಿಯನ್ನು ಎಲ್ಲಿ ಇಡಬೇಕು, ಏನು ಕೊಳ್ಳಬೇಕು, ಯಾವಾಗ ಉಣ್ಣಬೇಕು, ಯಾವಾಗ ಮಲಗಬೇಕು ಎಂಬಲ್ಲಿ ಅದಕ್ಕೆ ಬಲವಿದೆ. ಇವುಗಳಲ್ಲಿ ಹೆಚ್ಚಿನವು ಒಬ್ಬರ ಕೈಯಲ್ಲಿ ಇರುವುದಿಲ್ಲ, ಮನೆಯ ಕೈಯಲ್ಲಿ, ಪೇಟೆಯ ಕೈಯಲ್ಲಿ, ಕಾರ್ಖಾನೆಯ ಪಾಳಿಯ ಕೈಯಲ್ಲಿ ಇರುತ್ತವೆ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹಸಿವು ಹೆಚ್ಚಾದವರನ್ನು ಬೈಯುವಂತೆ ಹಸಿವು ಸತ್ತವರನ್ನೂ ಬೈಯುತ್ತೇವೆ. ಜ್ವರ ಬಂದಾಗ ‘ಬಾಯಿ ಕೆಟ್ಟೈತಿ’ ಅನ್ನುತ್ತೇವಲ್ಲ, ಅಲ್ಲಿ ಬಾಯಿ ಕೆಟ್ಟಿರುವುದಿಲ್ಲ. ಸೋಂಕಿನೊಡನೆ ಹೋರಾಡುವ ರಕ್ಷಣಾ ಕಣಗಳು ಬಿಡುವ ಸೈಟೊಕೈನ್‌ಗಳು ಮಿದುಳಿಗೆ ಮುಟ್ಟಿ ಹಸಿವನ್ನು ಆರಿಸುತ್ತವೆ. ಕ್ಷಯ, ಕ್ಯಾನ್ಸರ್ ಇದ್ದವರು ತಟ್ಟೆ ಸರಿಸುವುದು ಹಟದಿಂದಲ್ಲ. ಮುಪ್ಪಿನಲ್ಲಿ ‘ಸಾಕು’ ಎಂಬ ಕರುಳಿನ ಸುದ್ದಿ ಜೋರಾಗುತ್ತದೆ, ರುಚಿ ವಾಸನೆ ಮಂಕಾಗುತ್ತವೆ. ಎಂಬತ್ತರ ಮುದುಕಿ ಅರ್ಧ ರೊಟ್ಟಿಗೆ ಕೈ ತೊಳೆದರೆ ಸೊಸೆ ಸರಿಯಾಗಿ ನೋಡುವುದಿಲ್ಲವೆಂದು ಓಣಿಯೆಲ್ಲ ಮಾತಾಡುತ್ತದೆ. ಎಷ್ಟು ಸೊಸೆಯರು ಈ ಸುಳ್ಳು ಆರೋಪ ಹೊತ್ತು ಅತ್ತಿದ್ದಾರೋ!

ಚಿಗವ್ವನ ವಿಷಯಕ್ಕೆ ಬರುತ್ತೇನೆ. ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಗಿರಣಿ ನಿಲ್ಲುವುದಿಲ್ಲ, ಎರಡನೆಯ ಪಾಳಿ ಮುಗಿಸಿ ಅವರು ಮನೆ ಮುಟ್ಟುವುದು ರಾತ್ರಿ ಹನ್ನೊಂದೂವರೆಗೆ. ಇದು ಹೊಸದೇನಲ್ಲ. ಘಟಪ್ರಭೆಯ ಧುಮುಕುವ ನೀರಿನ ಬಲವನ್ನು ಬಹಳ ಹಿಂದೆಯೇ ದುಡಿಸಿಕೊಂಡ ನೆಲ ಇದು. ನೂಲಿನ ಗಿರಣಿಯ ಪಾಳಿಗಳಿಗೆ ತಕ್ಕಂತೆ ಇಲ್ಲಿನ ಮನೆಗಳ ಒಲೆ ಉರಿದು ತಲೆಮಾರುಗಳೇ ಕಳೆದವು. ಕಾಕಾ ಬರುವವರೆಗೆ ಚಿಗವ್ವ ಉಣ್ಣುತ್ತಿರಲಿಲ್ಲ. ಗಂಡ, ಮಕ್ಕಳು ಉಂಡ ಮೇಲೆ ಹೆಂಗಸರು ಉಣ್ಣುವ ರೂಢಿ ಅವಳಿಗೆ ಅವಳ ಅವ್ವನಿಂದ ಬಂದದ್ದು. ಸಂಜೆಯೆಲ್ಲ ಚಹಾ, ಬಿಸ್ಕೀಟು, ಚುನಮುರಿ. ಹನ್ನೆರಡಕ್ಕೆ ಊಟ, ಒಂದಕ್ಕೆ ನಿದ್ದೆ, ಐದಕ್ಕೆ ನಲ್ಲಿ ನೀರು ಬಿಡುವ ಹೊತ್ತಿಗೆ ಎದ್ದು ಕೊಡ ಹಿಡಿಯಬೇಕಿತ್ತು.

2004ರಲ್ಲಿ ಶಿಕಾಗೋದಲ್ಲಿ 12 ಯುವಕರಿಗೆ ಎರಡು ರಾತ್ರಿ ನಾಲ್ಕೇ ತಾಸು ಮಲಗಲು ಬಿಟ್ಟಾಗ ಲೆಪ್ಟಿನ್ ಶೇಕಡಾ 18ರಷ್ಟು ಇಳಿದು, ಘ್ರೆಲಿನ್ ಶೇಕಡಾ 28ರಷ್ಟು ಏರಿತ್ತು. ಸಿಹಿ, ಉಪ್ಪು, ಹಿಟ್ಟಿನ ತಿನಿಸುಗಳ ಆಸೆ ಹೆಚ್ಚಿತ್ತು. ಎರಡೇ ರಾತ್ರಿಗೆ ಹೀಗೆ. 2022ರಲ್ಲಿ ಬಾಸ್ಟನ್ನಿನಲ್ಲಿ 16 ಜನರಿಗೆ ಅದೇ ಊಟವನ್ನು ನಾಲ್ಕು ತಾಸು ತಡವಾಗಿ ಬಡಿಸಿ ನೋಡಿದರು. ತಿಂದದ್ದು ಅಷ್ಟೇ, ಹಸಿವು ಮಾತ್ರ ಹೆಚ್ಚಿತು, ಎಚ್ಚರವಿದ್ದ ಹೊತ್ತಿನ ಲೆಪ್ಟಿನ್ ಇಳಿಯಿತು, ದೇಹ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಯಿತು. ಚಿಗವ್ವ ಇದೇ ಪ್ರಯೋಗವನ್ನು ಇಪ್ಪತ್ತೆಂಟು ವರ್ಷದಿಂದ, ಯಾರೂ ದಾಖಲಿಸದೆ, ತನ್ನ ಮೈ ಮೇಲೆ ನಡೆಸಿಕೊಂಡು ಬಂದಿದ್ದಳು. ಅವಳ ಬಾಯಿಯ ಬಗ್ಗೆ ಮಾತಾಡಿದವರು ಯಾರೂ, ನೀವು ಎಷ್ಟೊತ್ತಿಗೆ ಉಣ್ತೀರಿ, ಎಷ್ಟೊತ್ತು ಮಲಗ್ತೀರಿ ಎಂದು ಕೇಳಲಿಲ್ಲ.

ಕೇಳಿದ್ದು ಓಣಿಯ ಆಶಾ ಕಾರ್ಯಕರ್ತೆ, ಮಾತ್ರೆ ಕೊಡಲು ಬಂದಾಗ, ಮಾತಿನ ನಡುವೆ. ಕಾಕಾಗೆ ಮೊದಲು ಸಿಟ್ಟು ಬಂತು, ಆಮೇಲೆ ಸುಮ್ಮನಾದರು. ಈಗ ಅವರ ಮನೆಯಲ್ಲಿ ಸಂಜೆ ಏಳಕ್ಕೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ, ಏಳೂವರೆಗೆ ಚಿಗವ್ವ ಉಂಡಿರುತ್ತಾಳೆ. ಕಾಕಾ ಬಂದು ಬುಟ್ಟಿಯ ರೊಟ್ಟಿ ತಾವೇ ತೆಗೆದುಕೊಂಡು ಉಣ್ಣುತ್ತಾರೆ, ಮೊದಲ ವಾರ ತಟ್ಟೆ ಎಲ್ಲಿದೆಯೆಂದು ಹುಡುಕಿದರಂತೆ. ಒಂಬತ್ತು ತಿಂಗಳಲ್ಲಿ ಚಿಗವ್ವನ ತೂಕ ಮೂರು ಕಿಲೋ ಇಳಿದಿದೆ. ಮಾತ್ರೆ ಇನ್ನೂ ನಡೆದಿದೆ. ಕಳೆದ ದೀಪಾವಳಿಗೆ ನಾನು ಒಯ್ದ ಕರದಂಟಿನ ಒಂದು ತುಣುಕನ್ನು ಮುರಿದು, ಅರ್ಧ ನನ್ನ ಕೈಗಿಟ್ಟು ಅರ್ಧ ತಾನು ತಿಂದಳು. ಯಾರ ಮುಖವನ್ನೂ ನೋಡದೆ, ನಿಧಾನಕ್ಕೆ ಅಗಿಯುತ್ತ ತಿಂದಳು.